ಬ್ಲಾಗ್ ಇದೆ, ಗಿರಾಕಿ ಇಲ್ಲ: ಸಣ್ಣ ಅಂಗಡಿಯ ಬ್ಲಾಗಿನಲ್ಲಿ ದೋಷ ಹುಡುಕುವ ಕ್ರಮ

ಮುಂಬಯಿಯ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನನ್ನ ಪರಿಚಿತರೊಬ್ಬರು ಕರಾವಳಿಯ ದಿನಸಿ ಅಂಗಡಿ ನಡೆಸುತ್ತಾರೆ. ಕುಚ್ಚಲಕ್ಕಿ, ಕೋರಿ ರೊಟ್ಟಿ, ಹಲಸಿನ ಹಪ್ಪಳ, ಬ್ಯಾಡಗಿ ಮೆಣಸು, ಪುನರ್ಪುಳಿ, ಮಳೆಗಾಲ ಬಂತೆಂದರೆ ಕೆಸುವಿನ ಎಲೆ ಮತ್ತು ಅರಿಶಿನ ಎಲೆ ಅಲ್ಲಿ ದೊರೆಯುತ್ತವೆ. ಅಂಗಡಿಯ ಹೆಸರಿನಲ್ಲಿ ಅವರು ಒಂದೂವರೆ ವರ್ಷ ಬ್ಲಾಗ್ ಬರೆದರು, ಮೂವತ್ತಕ್ಕೂ ಹೆಚ್ಚು ಬರಹಗಳಾದವು, ಆದರೆ ‘ನಿಮ್ಮ ಬರಹ ಓದಿ ಬಂದೆ’ ಎಂದು ಹೇಳಿದ ಒಬ್ಬ ಗಿರಾಕಿಯೂ ಅವರಿಗೆ ಸಿಗಲಿಲ್ಲ. ಬರೆದದ್ದು ಸಾಲದೇನೋ, ವಾರಕ್ಕೆ ಎರಡು ಬರೆಯಬೇಕೇನೋ ಎಂದು ಅವರು ಕೇಳಿದಾಗ, ದೋಷ ಎಲ್ಲಿದೆಯೆಂದು ತಿಳಿಯುವವರೆಗೆ ಇನ್ನೊಂದು ಸಾಲನ್ನೂ ಬರೆಯಬೇಡಿ ಎಂದು ನಾನು ತಡೆದೆ. ಆಮೇಲೆ ನಾವಿಬ್ಬರೂ ಕೂತು ಹುಡುಕಿದ ಕ್ರಮವನ್ನು, ಅದೇ ತೊಂದರೆಯಲ್ಲಿರುವ ಇತರರಿಗೂ ಉಪಯೋಗವಾಗುವಂತೆ, ಇಲ್ಲಿ ಬರೆದಿದ್ದೇನೆ.

ಮನೆಯ ನಲ್ಲಿಯಲ್ಲಿ ನೀರು ಬಾರದಿದ್ದರೆ ತಿಳಿದ ಪ್ಲಂಬರ್ ಮೊದಲು ನಲ್ಲಿಯನ್ನೇ ನೋಡುತ್ತಾನೆ, ಆಮೇಲೆ ತಾರಸಿಯ ಟ್ಯಾಂಕ್, ಅದಾದ ಮೇಲೆ ಕೆಳಗಿನ ಪಂಪ್. ಬ್ಲಾಗಿನ ವಿಷಯದಲ್ಲೂ ಗಲ್ಲಾಪೆಟ್ಟಿಗೆಯ ಕಡೆಯಿಂದ ಹಿಂದಕ್ಕೆ ಹೋಗುವುದೇ ಸರಿಯಾದ ಕ್ರಮ, ಏಕೆಂದರೆ ಆ ತುದಿಯ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಆ ತುದಿ ಕೆಟ್ಟಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ಮೊದಲ ಪರೀಕ್ಷೆ: ಓದಿದವರು ನಿಮ್ಮನ್ನು ತಲುಪಬಲ್ಲರೇ?

ನಿಮ್ಮದಲ್ಲದ ಮೊಬೈಲನ್ನು, ನಿಮ್ಮ ನಂಬರು ಉಳಿಸಿಕೊಂಡಿರದ ಮೊಬೈಲನ್ನು ತೆಗೆದುಕೊಂಡು, ಯಾವುದಾದರೊಂದು ಬರಹವನ್ನು ತೆರೆದು, ಅಲ್ಲಿಂದಲೇ ಅಂಗಡಿಗೆ ವಾಟ್ಸಾಪ್ ಸಂದೇಶ ಕಳುಹಿಸಲು ಪ್ರಯತ್ನಿಸಬೇಕು. ನಮ್ಮ ಡೊಂಬಿವಲಿಯ ಅಂಗಡಿಯ ಮೊದಲ ದೋಷ ಇಲ್ಲಿಯೇ ಸಿಕ್ಕಿತು. ವಾಟ್ಸಾಪ್ ಗುಂಡಿಯ ಹಿಂದಿನ ಕೊಂಡಿಯಲ್ಲಿ ನಂಬರನ್ನು ದೇಶದ ಸಂಖ್ಯೆಯಾದ 91ರಿಂದ ಆರಂಭಿಸಿ, ನಡುವೆ ಜಾಗ, ಅಡ್ಡಗೆರೆ, ಪ್ಲಸ್ ಚಿಹ್ನೆ ಯಾವುದೂ ಇಲ್ಲದೆ ಬರೆಯಬೇಕು. ಅವರು 91ರ ಬದಲು ಹಳೆಯ ಅಭ್ಯಾಸದಂತೆ ಸೊನ್ನೆ ಹಾಕಿದ್ದರು. ಗುಂಡಿ ಹಸಿರಾಗಿ ಚಂದವಾಗಿಯೇ ಇತ್ತು, ಒತ್ತಿದರೆ ಮಾತ್ರ ನಂಬರು ಸರಿಯಿಲ್ಲ ಎಂಬ ಉತ್ತರ ಬರುತ್ತಿತ್ತು. ಒಂದೂವರೆ ವರ್ಷದಲ್ಲಿ ಯಾರೂ ಅದನ್ನು ಒತ್ತಿಯೇ ನೋಡಿರಲಿಲ್ಲ, ಬರೆದವರೂ ಸೇರಿದಂತೆ.

ಸಂಪರ್ಕ ಫಾರ್ಮ್ ಇದ್ದರೆ ಅದನ್ನೂ ತುಂಬಿ ಕಳುಹಿಸಿ ನೋಡಬೇಕು. ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ತಾನಾಗಿ ಕಳುಹಿಸುವ ಮಿಂಚಂಚೆ, ತಾಣವನ್ನು ಇಟ್ಟಿರುವ ಹೋಸ್ಟಿಂಗ್ ಯಂತ್ರದಿಂದ ನೇರವಾಗಿ ಹೊರಡುವುದರಿಂದ, ಕಳುಹಿಸಿದವರ ಗುರುತು ಖಚಿತವಾಗದೆ ಅದು ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವುದೋ ಬಾರದೇ ಹೋಗುವುದೋ ಸಾಮಾನ್ಯ. ಎಸ್‌ಎಂಟಿಪಿ ಪ್ಲಗಿನ್ (ಮಿಂಚಂಚೆ ಕಳುಹಿಸುವ ಪುಟ್ಟ ಸೇರ್ಪಡೆ ತಂತ್ರಾಂಶ) ಒಂದನ್ನು ಹಾಕಿ ನಿಮ್ಮದೇ ಮಿಂಚಂಚೆ ಖಾತೆಯ ಮೂಲಕ ಕಳುಹಿಸುವಂತೆ ಮಾಡಿದರೆ ಇದು ಸರಿಹೋಗುತ್ತದೆ. ಆದರೆ ಸಣ್ಣ ಅಂಗಡಿಗೆ ಫಾರ್ಮ್ ಬೇಕೇ ಎಂಬುದು ನನ್ನ ಪ್ರಶ್ನೆ. ಅರ್ಧ ಕೆಜಿ ಹಪ್ಪಳಕ್ಕಾಗಿ ಹೆಸರು, ಮಿಂಚಂಚೆ, ವಿಷಯ ಎಂದು ತುಂಬುತ್ತ ಕೂರುವವರು ಕಡಿಮೆ. ಫೋನ್ ನಂಬರು ಮತ್ತು ವಾಟ್ಸಾಪ್ ಸಾಕು.

ವಿಳಾಸವೂ ಈ ತುದಿಗೆ ಸೇರಿದ್ದು. ಮುಂಬಯಿಯಲ್ಲಿ ‘ಡೊಂಬಿವಲಿ’ ಎಂದರೆ ಅರ್ಧ ವಿಳಾಸ ಮಾತ್ರ, ನಿಲ್ದಾಣದ ಪೂರ್ವವೋ ಪಶ್ಚಿಮವೋ ಎಂಬುದು ಇಲ್ಲಿಯವರು ಕೇಳುವ ಮೊದಲ ಪ್ರಶ್ನೆ. ಎಲ್ಲಿಯವರೆಗೆ ಮನೆಗೆ ತಲುಪಿಸುತ್ತೀರಿ, ಠಾಣೆಗೋ ಮುಲುಂಡಿಗೋ ಕೊರಿಯರ್ ಮಾಡುತ್ತೀರಾ, ವಾರದ ಯಾವ ದಿನ ರಜೆ ಎಂಬುದು ಪ್ರತಿ ಬರಹದ ಕೊನೆಯಲ್ಲೂ ಇರಬೇಕು; ಗೂಗಲ್‌ನಿಂದ ಬರುವವರು ನಿಮ್ಮ ಮುಖಪುಟಕ್ಕೆ ಬರುವುದಿಲ್ಲ, ನೇರವಾಗಿ ಯಾವುದೋ ಒಂದು ಬರಹದೊಳಗೆ ಇಳಿಯುತ್ತಾರೆ. ಇನ್ನೊಂದು ಮಾತು: ಗೂಗಲ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆಗೆ ಪುಕ್ಕಟೆಯಾಗಿ ಸಿಗುತ್ತಿದ್ದ ಪುಟ್ಟ ಜಾಲತಾಣಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಆ ವಿಳಾಸವನ್ನು ಬಿಲ್ ಪುಸ್ತಕದ ಮೇಲೋ ಚೀಲದ ಮೇಲೋ ಅಚ್ಚು ಹಾಕಿಸಿದ್ದರೆ, ಹಳೆಯ ಬರಹಗಳಲ್ಲಿ ಅದಕ್ಕೆ ಕೊಂಡಿ ಕೊಟ್ಟಿದ್ದರೆ, ಅವೆಲ್ಲ ಈಗ ಎಲ್ಲಿಗೂ ಒಯ್ಯದ ದಾರಿಗಳು.

ಎರಡನೆಯ ಪರೀಕ್ಷೆ: ಎಣಿಸುವ ಯಂತ್ರವೇ ಕೆಟ್ಟಿಲ್ಲವಷ್ಟೆ?

‘ಯಾರೂ ಓದುತ್ತಿಲ್ಲ’ ಎಂಬ ದೂರಿನ ಹಿಂದೆ ಕೆಲವೊಮ್ಮೆ ಓದುಗರ ಕೊರತೆಯಲ್ಲ, ಲೆಕ್ಕದ ಕೊರತೆ ಇರುತ್ತದೆ. ತಾಣಕ್ಕೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿ 2023ರ ಜುಲೈ 1ರಿಂದ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ತಾಣದಲ್ಲಿ ಹಾಕಿರುವ ಗುರುತುಸಂಖ್ಯೆ ‘ಯುಎ’ ಅಕ್ಷರಗಳಿಂದ ಆರಂಭವಾಗುತ್ತಿದ್ದರೆ ಅದು ಹಳೆಯದು, ಅಲ್ಲಿ ಈಗ ಯಾವ ಲೆಕ್ಕವೂ ಸಿಗುವುದಿಲ್ಲ. ‘ಜಿ’ ಅಕ್ಷರದಿಂದ ಆರಂಭವಾಗುವ ಹೊಸ ಸಂಖ್ಯೆಯನ್ನು ಪಡೆದು ಹಾಕಬೇಕು. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ದಿನಕ್ಕೆ ಹದಿನೈದು ಭೇಟಿ ಎಂದು ಸಂತೋಷಪಟ್ಟರೆ ಅದರಲ್ಲಿ ಹತ್ತು ಮನೆಯವರದೇ ಆಗಿರುತ್ತವೆ. ಈ ಎರಡೂ ಗೊಂದಲ ಬೇಡವೆಂದರೆ ಗೂಗಲ್ ಸರ್ಚ್ ಕನ್ಸೋಲ್ ಎಂಬ ಸಾಧನ ಒಂದನ್ನೇ ನಂಬಬಹುದು: ಪುಕ್ಕಟೆ, ಹುಡುಕಾಟದ ಮೂಲಕ ಬಂದವರನ್ನು ಮಾತ್ರ ಎಣಿಸುತ್ತದೆ, ಹದಿನಾರು ತಿಂಗಳ ಹಿಂದಿನವರೆಗಿನ ಲೆಕ್ಕ ತೋರಿಸುತ್ತದೆ. ಮುಂದಿನ ಕೆಲವು ಪರೀಕ್ಷೆಗಳು ಅದರಲ್ಲಿಯೇ ನಡೆಯುತ್ತವೆ.

ಮೂರನೆಯ ಪರೀಕ್ಷೆ: ಪುಟ ಇದೆಯೆಂದು ಗೂಗಲ್‌ಗೆ ಗೊತ್ತೇ?

ಸರ್ಚ್ ಕನ್ಸೋಲಿನ ಮೇಲ್ಭಾಗದ ಪೆಟ್ಟಿಗೆಯಲ್ಲಿ ಬರಹದ ಪೂರ್ಣ ವಿಳಾಸವನ್ನು ಅಂಟಿಸಿದರೆ, ಆ ಪುಟ ಹುಡುಕಾಟಕ್ಕಾಗಿ ಗೂಗಲ್ ಇಟ್ಟುಕೊಂಡ ಪಟ್ಟಿಯಲ್ಲಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಇಲ್ಲ ಎಂದಾದರೆ ಕಾರಣವನ್ನೂ ಅದು ಹೇಳುತ್ತದೆ, ಮತ್ತು ಮದ್ದು ಕಾರಣಕ್ಕೆ ತಕ್ಕಂತೆ ಬೇರೆಯಾಗುತ್ತದೆ.

ಒಂದೂ ಪುಟ ಪಟ್ಟಿಯಲ್ಲಿಲ್ಲ, ಎಲ್ಲದಕ್ಕೂ ‘ನೋಇಂಡೆಕ್ಸ್’ ಎಂಬ ಕಾರಣ ಬರುತ್ತಿದೆ ಎಂದಾದರೆ, ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ವಿಭಾಗವನ್ನು ನೋಡಿ. ಸರ್ಚ್ ಎಂಜಿನ್‌ಗಳು ಈ ತಾಣವನ್ನು ಪಟ್ಟಿ ಮಾಡದಿರಲಿ ಎಂಬ ಚೌಕವೊಂದು ಅಲ್ಲಿದೆ. ತಾಣ ಕಟ್ಟುವಾಗ ಅದಕ್ಕೆ ಗುರುತು ಹಾಕುವುದು ಒಳ್ಳೆಯ ಪದ್ಧತಿ. ಕಟ್ಟಿದವರು ಹಣ ಪಡೆದು ಹೋಗುವಾಗ ಆ ಗುರುತನ್ನು ತೆಗೆಯಲು ಮರೆಯುವುದು ಅಷ್ಟೇ ವ್ಯಾಪಕವಾದ ಪದ್ಧತಿ. ರೋಬೋಟ್ಸ್ ಕಡತದ ಮೂಲಕ ತಡೆದಿದ್ದರೂ ಸಮಸ್ಯೆಯೇ. ಈ ಎರಡನ್ನು ಒಂದೇ ಎಂದು ತಿಳಿಯಬಾರದು: ರೋಬೋಟ್ಸ್ ಕಡತ ಗೂಗಲನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ, ನೋಇಂಡೆಕ್ಸ್ ಒಳಗೆ ಬಂದವರಿಗೆ ‘ಇದನ್ನು ಬರೆದುಕೊಳ್ಳಬೇಡಿ’ ಎನ್ನುತ್ತದೆ. ಬಾಗಿಲಲ್ಲೇ ನಿಂತವರಿಗೆ ಒಳಗಿನ ಸೂಚನೆ ಕಾಣಿಸುವುದಿಲ್ಲವಾದ್ದರಿಂದ, ಎರಡನ್ನೂ ಒಟ್ಟಿಗೆ ಹಾಕಿ ಗೊಂದಲ ಮಾಡಿಕೊಂಡಿದ್ದರೆ ಮೊದಲು ರೋಬೋಟ್ಸ್ ತಡೆಯನ್ನು ತೆಗೆಯಬೇಕು.

ಕೆಲವು ಪುಟಗಳು ಮಾತ್ರ ಇಲ್ಲದಿದ್ದರೆ ಎರಡು ಉತ್ತರಗಳಲ್ಲಿ ಒಂದು ಬರುತ್ತದೆ. ‘ಪತ್ತೆಯಾಗಿದೆ, ಇನ್ನೂ ಪಟ್ಟಿಯಲ್ಲಿಲ್ಲ’ ಎಂದರೆ ವಿಳಾಸ ಗೊತ್ತಾಗಿದೆ, ಇನ್ನೂ ಬಂದು ನೋಡಿಲ್ಲ. ಬೇರೆ ಬರಹಗಳಿಂದ ಆ ಪುಟಕ್ಕೆ ಕೊಂಡಿ ಕೊಟ್ಟು, ತಾಣದ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಸಲ್ಲಿಸಿ ಕಾಯಬೇಕು. ವರ್ಡ್‌ಪ್ರೆಸ್ 2020ರ 5.5ನೇ ಆವೃತ್ತಿಯಿಂದ ಸೈಟ್‌ಮ್ಯಾಪನ್ನು ತಾನೇ ತಯಾರಿಸುತ್ತದೆ. ‘ಬಂದು ನೋಡಿದೆ, ಪಟ್ಟಿಯಲ್ಲಿಲ್ಲ’ ಎಂದರೆ ವಿಷಯ ಬೇರೆ. ಓದಿದ ಮೇಲೂ ಇಟ್ಟುಕೊಳ್ಳುವಷ್ಟು ಏನೂ ಅಲ್ಲಿ ಕಾಣಲಿಲ್ಲ ಎಂಬುದು ಅದರ ಸಾಮಾನ್ಯ ಅರ್ಥ. ನಮ್ಮ ಅಂಗಡಿಯ ‘ಎಲ್ಲರಿಗೂ ಯುಗಾದಿಯ ಶುಭಾಶಯಗಳು’, ‘ಆರೋಗ್ಯವೇ ಭಾಗ್ಯ’ ಮುಂತಾದ ಐದಾರು ಬರಹಗಳಿಗೆ ಈ ಉತ್ತರವೇ ಬಂದಿತ್ತು, ಅದು ಅನ್ಯಾಯವೆಂದು ನನಗೆ ಅನ್ನಿಸಲಿಲ್ಲ. ಪಟ್ಟಿಗೆ ಸೇರಿಸಿರೆಂದು ಒಂದೇ ಪುಟಕ್ಕೆ ಪದೇ ಪದೇ ಕೋರಿಕೆ ಸಲ್ಲಿಸುವುದರಿಂದ ಕೆಲಸ ಬೇಗವಾಗುವುದಿಲ್ಲ.

ನಾಲ್ಕನೆಯ ಪರೀಕ್ಷೆ: ಕನ್ನಡದ್ದೇ ಆದ ದೋಷಗಳು

ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ಸಿಗುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

‘ನುಡಿ’ ಮತ್ತು ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಡತದೊಳಗೆ ಕನ್ನಡವಾಗಿರುವುದಿಲ್ಲ. ಒಳಗೆ ಇರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು, ಅವುಗಳಿಗೆ ಕನ್ನಡದ ವೇಷ ಹಾಕುವುದು ಫಾಂಟು. ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ; ಗೂಗಲ್‌ಗೆ ಕಾಣುವುದೂ ಅದೇ. ಯೂನಿಕೋಡ್‌ನಲ್ಲಿ ಟೈಪು ಮಾಡಿದ್ದರೆ ಮಾತ್ರ ‘ಕ’ ಎಂಬುದು ಎಲ್ಲ ಯಂತ್ರಗಳಿಗೂ ‘ಕ’ ಆಗಿರುತ್ತದೆ. ಪರೀಕ್ಷೆ ಸುಲಭ: ಬರಹದ ಒಂದು ಸಾಲನ್ನು ನಕಲಿಸಿ ವಾಟ್ಸಾಪ್ ಸಂದೇಶದಲ್ಲಿ ಅಂಟಿಸಿ ನೋಡಿ. ಅಲ್ಲಿ ಕನ್ನಡ ಉಳಿದರೆ ಸರಿ, ಚಿಹ್ನೆಗಳಾದರೆ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರಬೇಕು. ಕಂಪ್ಯೂಟರಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿದ್ದರಿಂದ ಅಂಗಡಿಯ ಯಜಮಾನರಿಗೆ ಈ ದೋಷದ ಸುಳಿವೇ ಇರಲಿಲ್ಲ. ಮೊದಲ ಹನ್ನೊಂದು ಬರಹಗಳು ಈ ಕಾರಣದಿಂದಲೇ ಲೆಕ್ಕಕ್ಕಿಲ್ಲದಂತೆ ಬಿದ್ದಿದ್ದವು.

ಎರಡನೆಯದು ಚಿತ್ರವಾಗಿ ಹಾಕಿದ ಬರಹ. ಹಬ್ಬದ ಸಾಮಾನುಗಳ ದರಪಟ್ಟಿಯನ್ನು ಬಣ್ಣಬಣ್ಣದ ಪೋಸ್ಟರ್ ಮಾಡಿ ವಾಟ್ಸಾಪ್ ಗುಂಪಿಗೆ ಕಳುಹಿಸಿದ ಮೇಲೆ ಅದನ್ನೇ ಬ್ಲಾಗಿಗೂ ಏರಿಸುವ ಅಭ್ಯಾಸ ಬಹಳ ಅಂಗಡಿಗಳಲ್ಲಿದೆ. ಚಿತ್ರದೊಳಗಿನ ಅಕ್ಷರಗಳನ್ನು ಹುಡುಕಾಟದ ಯಂತ್ರ ಓದೀತು ಎಂದು ನೆಚ್ಚಿಕೊಳ್ಳಬಾರದು. ಪೋಸ್ಟರ್ ಇರಲಿ, ಅದರ ಕೆಳಗೆ ಅದೇ ಪಟ್ಟಿ ಅಕ್ಷರಗಳಲ್ಲೂ ಇರಲಿ.

ಮೂರನೆಯದು ವಿಳಾಸದ ದೋಷ. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ, ಆದರೆ ಒಳಗೆ ಪ್ರತಿಯೊಂದು ಕನ್ನಡ ಅಕ್ಷರವೂ ಶೇಕಡಾ ಚಿಹ್ನೆಗಳು ಸೇರಿದ ಒಂಬತ್ತು ಅಕ್ಷರಗಳಾಗುತ್ತದೆ. ಕಾಗುಣಿತದ ಚಿಹ್ನೆಗೂ ಒತ್ತಕ್ಷರಕ್ಕೂ ಪ್ರತ್ಯೇಕ ಲೆಕ್ಕ. ವಿಳಾಸದ ಈ ಭಾಗಕ್ಕೆ ಇನ್ನೂರು ಅಕ್ಷರಗಳ ಮಿತಿಯಿರುವುದರಿಂದ ಸುಮಾರು ಇಪ್ಪತ್ತೆರಡು ಚಿಹ್ನೆಗಳಿಗೆ ವಿಳಾಸ ನಡುವೆಯೇ ತುಂಡಾಗುತ್ತದೆ. ಅದನ್ನು ವಾಟ್ಸಾಪಿನಲ್ಲಿ ಹಂಚಿದರೆ ಕಾಣುವುದು ಶೇಕಡಾ ಚಿಹ್ನೆಗಳ ಉದ್ದನೆಯ ಬಾಲ. ನೋಡಿದವರಿಗೆ ಅದು ವಂಚನೆಯ ಕೊಂಡಿಯೆಂಬ ಅನುಮಾನ ಬಂದರೆ ಅವರ ತಪ್ಪಲ್ಲ. ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ಇನ್ನೊಂದು ತರಹ: ಕನ್ನಡ ಶೀರ್ಷಿಕೆಗಳಿಗೆಲ್ಲ ‘ಬ್ಲಾಗ್-ಪೋಸ್ಟ್’ ಎಂಬ ಒಂದೇ ಹೆಸರಿಗೆ ಅಂಕಿ ಸೇರಿಸಿ ಕೊಡುತ್ತದೆ. ಎರಡು ಕಡೆಯೂ ಪ್ರಕಟಿಸುವ ಮೊದಲೇ ರೋಮನ್ ಅಕ್ಷರಗಳಲ್ಲಿ ಎರಡು ಮೂರು ಪದಗಳ ಚಿಕ್ಕ ವಿಳಾಸವನ್ನು ಕೈಯಿಂದ ಕೊಡಬೇಕು. ವರ್ಡ್‌ಪ್ರೆಸ್‌ನಲ್ಲಿ ಪ್ರಕಟವಾದ ಬರಹದ ವಿಳಾಸವನ್ನು ಬದಲಿಸಿದರೆ ಹಳೆಯದರಿಂದ ಹೊಸದಕ್ಕೆ ಅದು ತಾನೇ ದಾರಿ ತೋರಿಸುತ್ತದೆ, ಆದರೂ ಬದಲಿಸಿದ ಮೇಲೆ ಹಳೆಯ ಕೊಂಡಿಯನ್ನು ಒಮ್ಮೆ ಒತ್ತಿ ಖಚಿತಪಡಿಸಿಕೊಳ್ಳಬೇಕು.

ಐದನೆಯ ಪರೀಕ್ಷೆ: ಅವರು ಕೇಳುವ ಹೆಸರು, ನೀವು ಬರೆಯುವ ಹೆಸರು

ಗುಂಡಿ ಸರಿಯಿದೆ, ಪುಟ ಪಟ್ಟಿಯಲ್ಲಿದೆ, ಅಕ್ಷರ ಯೂನಿಕೋಡ್ ಆಗಿದೆ, ಆದರೂ ಯಾರೂ ಬರುತ್ತಿಲ್ಲ ಎಂದಾದರೆ ಸರ್ಚ್ ಕನ್ಸೋಲಿನ ಪರ್ಫಾರ್ಮೆನ್ಸ್ ವಿಭಾಗವನ್ನು ತೆರೆಯಬೇಕು. ನಿಮ್ಮ ಪುಟ ಎಷ್ಟು ಸಲ ಫಲಿತಾಂಶದಲ್ಲಿ ಕಾಣಿಸಿಕೊಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು, ಯಾವ ಪದಗಳಿಗೆ ಎಂಬುದು ಅಲ್ಲಿದೆ. ಕಾಣಿಸಿಕೊಂಡದ್ದೇ ಸೊನ್ನೆಯ ಹತ್ತಿರವಿದ್ದರೆ ನಿಮ್ಮ ಪದಗಳಲ್ಲಿ ಯಾರೂ ಹುಡುಕುತ್ತಿಲ್ಲ. ಬಹಳ ಸಲ ಕಾಣಿಸಿಕೊಂಡು ಸ್ಥಾನ ನಲವತ್ತೋ ಐವತ್ತೋ ಆಗಿದ್ದರೆ, ವಿಷಯ ಸರಿ, ನಿಮಗಿಂತ ಚೆನ್ನಾಗಿ ಉತ್ತರ ಹೇಳಿದವರು ಮುಂದೆ ಬಹಳ ಮಂದಿ ಇದ್ದಾರೆ. ಮೇಲಿನ ಐದರಲ್ಲೇ ಇದ್ದೂ ಯಾರೂ ಒತ್ತದಿದ್ದರೆ ದೋಷ ಬಹುತೇಕ ಶೀರ್ಷಿಕೆಯದು.

ನಮ್ಮದು ಮೊದಲನೆಯ ಬಗೆ. ಅವರ ಅಂಗಡಿಯಲ್ಲಿ ಹೆಚ್ಚು ಖರ್ಚಾಗುವ ಸರಕು ಕುಚ್ಚಲಕ್ಕಿ. ಅದರ ಬಗ್ಗೆ ಬರೆದ ಬರಹದ ಹೆಸರು ‘ಕರಾವಳಿಯ ಜೀವನಾಡಿ’. ಆ ಹೆಸರನ್ನು ಟೈಪು ಮಾಡಿ ಅಕ್ಕಿ ಹುಡುಕುವವರು ಯಾರಿದ್ದಾರೆ? ಅದೇ ಅಕ್ಕಿಯನ್ನು ಅವರ ಅಂಗಡಿಗೆ ಬರುವ ಮಾಲವಣದ ಕಡೆಯವರು ‘ಉಕಡಾ ತಾಂದೂಳ್’ ಎನ್ನುತ್ತಾರೆ, ಗೋವಾದವರ ಬಾಯಲ್ಲೂ ಹೆಚ್ಚುಕಡಿಮೆ ಅದೇ ಹೆಸರು, ಮುಂಬಯಿಯಲ್ಲೇ ಹುಟ್ಟಿ ಬೆಳೆದ ತುಳುವರ ಮಕ್ಕಳು ಇಂಗ್ಲಿಷಿನಲ್ಲಿ ‘ರೆಡ್ ಬಾಯ್ಲ್ಡ್ ರೈಸ್’ ಎಂದು ಹುಡುಕುತ್ತಾರೆ. ಪುನರ್ಪುಳಿ ಉತ್ತರ ಕನ್ನಡದವರಿಗೆ ಮುರುಗಲು, ಮರಾಠಿಯವರಿಗೆ ಕೋಕಂ ಅಥವಾ ಆಮಸೂಲ್. ಕೆಸುವಿನ ಎಲೆ ಇಲ್ಲಿಯ ಭಾಜಿ ಮಾರುಕಟ್ಟೆಯಲ್ಲಿ ಅಳೂ. ಗಲ್ಲೆಯ ಮೇಲೆ ಕೂತ ಯಜಮಾನರು ಈ ಎಲ್ಲ ಹೆಸರುಗಳಿಗೂ ದಿನವೂ ಓಗೊಡುತ್ತಾರೆ, ಯಾರು ಯಾವ ಹೆಸರಲ್ಲಿ ಕೇಳಿದರೂ ಸರಿಯಾದ ಡಬ್ಬಿಗೇ ಕೈ ಹಾಕುತ್ತಾರೆ. ಬರೆಯಲು ಕೂತಾಗ ಮಾತ್ರ ಆ ಜ್ಞಾನವನ್ನೆಲ್ಲ ಅಂಗಡಿಯಲ್ಲೇ ಬಿಟ್ಟು, ಶಾಲೆಯ ಪ್ರಬಂಧದ ಕನ್ನಡಕ್ಕೆ ಹೋಗುತ್ತಾರೆ. ಈ ದೋಷ ನಾನು ನೋಡಿದ ಹೆಚ್ಚಿನ ಅಂಗಡಿಗಳ ಬ್ಲಾಗಿನಲ್ಲಿದೆ, ಮತ್ತು ಯಾವ ತಂತ್ರಾಂಶವೂ ಇದನ್ನು ತೋರಿಸಿಕೊಡುವುದಿಲ್ಲ.

ಮದ್ದು ಇದು. ಒಂದು ವಾರ ಗಲ್ಲೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ‘ಈ ಅಕ್ಕಿಗೆ ಕುಕ್ಕರಿನಲ್ಲಿ ಎಷ್ಟು ನೀರು?’, ‘ಕೋರಿ ರೊಟ್ಟಿ ಮಳೆಗಾಲದಲ್ಲಿ ಮೆತ್ತಗಾಗದಂತೆ ಹೇಗೆ ಇಡುವುದು?’, ‘ಅರಿಶಿನ ಎಲೆ ಯಾವಾಗ ಬರುತ್ತದೆ?’ ಒಂದೊಂದು ಪ್ರಶ್ನೆಯೂ ಒಂದೊಂದು ಬರಹ, ಪ್ರಶ್ನೆಯೇ ಶೀರ್ಷಿಕೆ, ಉತ್ತರ ಮೊದಲ ಪ್ಯಾರಾದಲ್ಲೇ ಇರಬೇಕು. ಸರಕಿನ ಬೇರೆ ಬೇರೆ ಹೆಸರುಗಳನ್ನು ಆವರಣದಲ್ಲಿ ರಾಶಿ ಹಾಕದೆ, ಯಾರು ಏನೆಂದು ಕರೆಯುತ್ತಾರೆಂದು ಒಂದು ವಾಕ್ಯದಲ್ಲಿ ಹೇಳಿದರೆ ಓದುವವರಿಗೂ ಹಿತ, ಹುಡುಕಾಟಕ್ಕೂ ಸಾಕು.

ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಮುಂಬಯಿ, ಪುಣೆಗಳ ಕನ್ನಡಿಗರಲ್ಲಿ ಕನ್ನಡ ಮಾತಾಡುವವರೆಲ್ಲ ಕನ್ನಡ ಓದುವವರಲ್ಲ. ಬರೆಯುವವರಿಗೆ ಕನ್ನಡದ ಮೇಲೆ ಪ್ರೀತಿಯಿದ್ದರೆ ಕನ್ನಡದಲ್ಲೇ ಬರೆಯಲಿ, ಜೊತೆಗೆ ಹೆಚ್ಚು ಮಾರಾಟವಾಗುವ ನಾಲ್ಕೈದು ಸರಕುಗಳಿಗಾದರೂ ಮರಾಠಿ ಅಥವಾ ಇಂಗ್ಲಿಷಿನಲ್ಲಿ ಪ್ರತ್ಯೇಕ ಪುಟಗಳಿರಲಿ. ಒಂದೇ ಪುಟದಲ್ಲಿ ಮೂರು ಭಾಷೆಗಳನ್ನು ಒಂದರ ಕೆಳಗೊಂದು ಹಾಕುವುದು ಮಾತ್ರ ಬೇಡ. ಪುಟ ಯಾವ ಭಾಷೆಯದೆಂದು ಗೂಗಲ್‌ಗೂ ತಿಳಿಯದು, ತಮ್ಮ ಭಾಗ ಎಲ್ಲಿದೆಯೆಂದು ಓದುವವರಿಗೂ ತಿಳಿಯದು.

ಕಾಲದ ದೋಷವೊಂದು ಉಳಿದಿದೆ. ನಾಗರ ಪಂಚಮಿಗೆ ಅರಿಶಿನ ಎಲೆಯ ಕಡುಬು ಮಾಡುವವರು ಎಲೆಯನ್ನು ಹಬ್ಬದ ಹಿಂದಿನ ವಾರ ಹುಡುಕುತ್ತಾರೆ. ನಮ್ಮವರು ಆ ಬರಹವನ್ನು ಹಬ್ಬದ ಹಿಂದಿನ ರಾತ್ರಿ ಪ್ರಕಟಿಸಿದ್ದರು. ಹೊಸ ಪುಟ ಪಟ್ಟಿಗೆ ಸೇರಿ ನೆಲೆಯೂರಲು ಸಮಯ ಬೇಕು, ಆದ್ದರಿಂದ ಹಬ್ಬದ ಬರಹ ಒಂದೂವರೆ ಎರಡು ತಿಂಗಳು ಮೊದಲೇ ಇರಬೇಕು. ವರ್ಷವರ್ಷವೂ ಹೊಸ ಪುಟ ಮಾಡದೆ, ಇಸವಿಯಿಲ್ಲದ ಒಂದೇ ವಿಳಾಸದಲ್ಲಿ ದರ ಮತ್ತು ದಿನಾಂಕಗಳನ್ನು ತಿದ್ದುತ್ತ ಹೋದರೆ ಹಳೆಯ ಪುಟ ಗಳಿಸಿದ ಸ್ಥಾನ ಉಳಿಯುತ್ತದೆ.

ಪುನರ್ಪುಳಿ ಪಿತ್ತ ಕಳೆಯುತ್ತದೆ, ಕೆಂಪಕ್ಕಿ ಸಕ್ಕರೆ ಕಾಯಿಲೆ ವಾಸಿ ಮಾಡುತ್ತದೆ ಎಂಬ ಧಾಟಿಯ ಬರಹಗಳಿದ್ದರೆ ಅವನ್ನು ಇದೇ ಸಂದರ್ಭದಲ್ಲಿ ತೆಗೆದುಹಾಕಬೇಕು. ಆಹಾರ ಪದಾರ್ಥ ರೋಗವನ್ನು ಗುಣಪಡಿಸುತ್ತದೆಂದು ಮಾರುವವರು ಹೇಳುವುದನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳು ನಿಷೇಧಿಸುತ್ತವೆ, ಅಂಗಡಿಯ ಬ್ಲಾಗ್ ಜಾಹೀರಾತಲ್ಲವೆಂದು ವಾದಿಸುವುದು ಕಷ್ಟ.

ಆರನೆಯದು: ತೆರೆಯುವ ಮೊದಲೇ ಹೋಗುವವರು

ಇದು ಚಿಕ್ಕ ವಿಷಯ. ಮೊಬೈಲಿನಲ್ಲಿ ತೆಗೆದ ಫೋಟೊ ಮೂರು ನಾಲ್ಕು ಎಂಬಿ ಇರುತ್ತದೆ, ಅಂಥ ಎಂಟು ಫೋಟೊ ಇರುವ ಪುಟವನ್ನು ಸಂಜೆಯ ಲೋಕಲ್‌ನಲ್ಲಿ ನೇತಾಡುತ್ತ ತೆರೆಯುವವರ ಸ್ಥಿತಿಯನ್ನು ಊಹಿಸಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್‌ನ ಅಳತೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ತಾಣದಲ್ಲಿ ವಿಳಾಸ ಹಾಕಿದರೆ ನಿಮ್ಮದು ಎಷ್ಟೆಂದು ತಿಳಿಯುತ್ತದೆ. ಫೋಟೊಗಳ ಅಗಲವನ್ನು 1,200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಎಂಬ ಹಗುರವಾದ ರೂಪದಲ್ಲಿ ಏರಿಸಿದರೆ ಸಣ್ಣ ತಾಣಗಳ ಈ ತೊಂದರೆ ಬಹುಮಟ್ಟಿಗೆ ತೀರುತ್ತದೆ.

ತಿದ್ದಿದ ಮೇಲೆ ನೋಡಬೇಕಾದದ್ದು

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಒಡೆದುಹೋದ ಕೊಂಡಿ, ನೋಇಂಡೆಕ್ಸ್, ಫಾಂಟು ಇವನ್ನು ತಕ್ಷಣ ಸರಿಪಡಿಸಬೇಕು, ಶೀರ್ಷಿಕೆ ಮತ್ತು ವಿಷಯವನ್ನು ಒಂದೊಂದಾಗಿ ಬದಲಿಸಿ ದಿನಾಂಕವನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದು, ಕೆಲವು ವಾರ ಬಿಟ್ಟು ಸರ್ಚ್ ಕನ್ಸೋಲ್ ನೋಡಬೇಕು. ವಾಟ್ಸಾಪ್ ಕೊಂಡಿಯಲ್ಲಿ ಮೊದಲೇ ಬರೆದಿಟ್ಟ ಸಂದೇಶವನ್ನು ಸೇರಿಸುವ ಸೌಲಭ್ಯವಿದೆ. ಪ್ರತಿ ಬರಹದ ಗುಂಡಿಗೂ ‘ಕುಚ್ಚಲಕ್ಕಿ ಬರಹ ನೋಡಿದೆ’, ‘ಅರಿಶಿನ ಎಲೆ ಬೇಕಿತ್ತು’ ಎಂದು ಬೇರೆ ಬೇರೆ ಸಂದೇಶ ಇಟ್ಟರೆ ಯಾವ ಬರಹ ಗಿರಾಕಿಯನ್ನು ಕರೆತಂದಿತೆಂಬುದು ಬಂದ ಸಂದೇಶದಲ್ಲೇ ಗೊತ್ತಾಗುತ್ತದೆ. ನಾನು ಕಂಡಂತೆ ಸಣ್ಣ ಅಂಗಡಿಗೆ ಇದಕ್ಕಿಂತ ಒಳ್ಳೆಯ ಲೆಕ್ಕವಿಲ್ಲ.

ಡೊಂಬಿವಲಿಯ ಅಂಗಡಿಯಲ್ಲಿ ಕೊಂಡಿ, ಶೀರ್ಷಿಕೆ, ವಿಳಾಸಗಳ ಕೆಲಸ ಮುಗಿದಿದೆ, ಶುಭಾಶಯದ ಬರಹಗಳನ್ನು ಅಳಿಸಿದ್ದೇವೆ. ಹಳೆಯ ಫಾಂಟಿನ ಹನ್ನೊಂದರಲ್ಲಿ ಏಳನ್ನು ಪರಿವರ್ತಿಸಿ ಆಯಿತು. ಪರಿವರ್ತಕದಲ್ಲಿ ಕೆಲವು ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಾನ ತಪ್ಪುವುದರಿಂದ ಪ್ರತಿ ಸಾಲನ್ನೂ ಕಣ್ಣಿಟ್ಟು ಓದಬೇಕಾಗಿದೆ, ಅಂಗಡಿ ಮುಚ್ಚಿದ ಮೇಲೆ ರಾತ್ರಿಗೆ ಒಂದರಂತೆ ಉಳಿದ ನಾಲ್ಕನ್ನು ಯಜಮಾನರು ಈಗ ತಿದ್ದುತ್ತಿದ್ದಾರೆ.